ನಕಲಿ ಗೊಂಬೆಯ ಅಸಲು ಯಾವುದು?

ಧರ್ಮಗುರುವಾದವನು ಭಾನುವಾರದ ಪ್ರಬೋಧನೆಗಾಗಿ ಸದಾ ಉದಾಹರಣೆಗಳನ್ನು ಹುಡುಕುತ್ತಿರುತ್ತಾನೆ. ಒಳ್ಳೆಯ ಉದಾಹರಣೆಯೊಂದು ಕೈಗೆ ಸಿಕ್ಕಿತೆಂದರೆ ಅದು ಯಾರದು, ಅದನ್ನು ಬಳಸಿದರೆ ಯಾರ ಮನಸ್ಸು ನೊಂದೀತು ಎಂದು ಯೋಚಿಸದೆ ಬಳಸಿಬಿಡುವ ಚಪಲವೂ ಅವನಲ್ಲಿರುತ್ತದೆ. ಅಂಥ ಚಪಲದಿಂದ ನಾನೊಮ್ಮೆ ಮಾಡಿದ ತಪ್ಪೊಂದನ್ನು ನಿಮ್ಮ ಮುಂದಿಟ್ಟು, ಅದರಿಂದ ಹುಟ್ಟಿದ ಪ್ರಶ್ನೆಗಳನ್ನು ನಿಮ್ಮೊಡನೆ ಕೂಡಿ ಚಿಂತಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ವಾಚನಪೀಠದ ಮೇಲೊಂದು ಗೊಂಬೆ

ಕೆಲವು ವರ್ಷಗಳ ಹಿಂದೆ ಕೋಲಾರ ಸೀಮೆಯ ಧರ್ಮಕೇಂದ್ರವೊಂದರಲ್ಲಿ ನಾನು ಸೇವೆಯಲ್ಲಿದ್ದೆ. ಅದು ತಪಸ್ಸುಕಾಲದ ಮೊದಲ ಭಾನುವಾರ. ಬೂದಿ ಬುಧವಾರದಂದು ಓದಿದ ಶುಭಸಂದೇಶದ ಭಾಗ ಇನ್ನೂ ನನ್ನ ಮನಸ್ಸಿನಲ್ಲಿತ್ತು. ಜನರು ನೋಡಲೆಂದು ಪ್ರಾರ್ಥಿಸುವ, ಜನರು ಹೊಗಳಲೆಂದು ದಾನ ಮಾಡುವ ಕಪಟಿಗಳನ್ನು ಕುರಿತು ಪ್ರಭು ಯೇಸುಕ್ರಿಸ್ತರು ಎಚ್ಚರಿಸುವ ಭಾಗವದು. ಅದನ್ನೇ ಹಿಡಿದು ನಾಲ್ಕು ಮಾತು ಹೇಳಬೇಕೆಂದುಕೊಂಡು ಪೂಜಾವಸ್ತ್ರಗಳನ್ನು ಧರಿಸುತ್ತಿದ್ದಾಗ, ಪೀಠಬಾಲಕನೊಬ್ಬನ ಜೇಬಿನಿಂದ ಏನೋ ಕೆಳಗೆ ಬಿತ್ತು. ಎತ್ತಿ ನೋಡಿದರೆ ಬೆರಳುದ್ದದ ಒಂದು ಪ್ಲಾಸ್ಟಿಕ್ ಗೊಂಬೆ. ಮುಖದ ತುಂಬ ಜೇಡರ ಬಲೆ, ಅಂದರೆ ಸ್ಪೈಡರ್‌ಮ್ಯಾನ್. ಆದರೆ ನೀಲಿ ಇರಬೇಕಾದಲ್ಲಿ ಹಸಿರು ಬಣ್ಣ, ಜೇಡ ಇರಬೇಕಾದ ಎದೆಯ ಮೇಲೆ ಬಾವಲಿಯ ಗುರುತು. ಬೆನ್ನ ಮೇಲೆ ಸೂಪರ್‌ಮ್ಯಾನನ ಕೆಂಪು ಹೊದಿಕೆ. ಮೂವರು ನಾಯಕರನ್ನು ಒಂದೇ ಅಚ್ಚಿಗೆ ಸುರಿದಂತಿತ್ತು.

ಬಲಿಪೂಜೆಯಲ್ಲಿ ನಾನು ಆ ಗೊಂಬೆಯನ್ನು ವಾಚನಪೀಠದ ಮೇಲಿಟ್ಟೆ. "ದೂರದಿಂದ ನೋಡಿದರೆ ಸ್ಪೈಡರ್‌ಮ್ಯಾನ್. ಹತ್ತಿರ ಬಂದರೆ ಡೂಪ್ಲಿಕೇಟ್! ನಮ್ಮ ನಡುವೆಯೂ ಇಂಥ ಡೂಪ್ಲಿಕೇಟ್ ಕ್ರೈಸ್ತರಿದ್ದಾರೆ" ಎಂದೆ. ದೇವಾಲಯದ ತುಂಬ ನಗೆ ಹರಡಿತು. ಪೂಜೆ ಮುಗಿದ ಮೇಲೆ ಇಬ್ಬರು ಮೂವರು ಹಿರಿಯರು ಬಂದು, "ಇವತ್ತಿನ ಪ್ರಬೋಧನೆ ಮಕ್ಕಳಿಗೂ ಮುಟ್ಟುವಂತಿತ್ತು, ಸ್ವಾಮಿ" ಎಂದರು. ಮುಟ್ಟಿದ್ದು ನಿಜ. ಬಲಿಪೀಠದ ಪಕ್ಕದಲ್ಲಿ ಗಂಟೆ ಹಿಡಿದು ಮೊಣಕಾಲೂರಿದ್ದ ಆ ಬಾಲಕ ಪೂಜೆ ಮುಗಿಯುವವರೆಗೂ ತಲೆಯೆತ್ತಿರಲಿಲ್ಲ. ಅದನ್ನು ಗಮನಿಸಿಯೂ ನಾನು ಗಮನಿಸದವನಂತಿದ್ದೆ.

ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ. ಧರ್ಮೋಪದೇಶದ ಶಿಕ್ಷಕಿಯನ್ನು ವಿಚಾರಿಸಿದೆ. ಮಕ್ಕಳೆಲ್ಲ ಅವನನ್ನು 'ಡೂಪ್ಲಿಕೇಟ್' ಎಂದು ಕರೆಯತೊಡಗಿದ್ದಾರೆಂದೂ ಅವನು ತರಗತಿಗೂ ಬರುತ್ತಿಲ್ಲವೆಂದೂ ಆಕೆ ಹೇಳಿದರು. ಸ್ವಲ್ಪ ತಡೆದು, "ಆವತ್ತು ಅವರ ತಂದೆಯೂ ಪೂಜೆಗೆ ಬಂದಿದ್ದರು, ಸ್ವಾಮಿ" ಎಂದರು.

ತಗಡಿನ ಪೆಟ್ಟಿಗೆ

ಅಂದು ಸಂಜೆಯೇ ಅವರ ಮನೆಗೆ ಹೋದೆ. ತಂದೆ ಲಾರಿ ಚಾಲಕ. ಕೋಲಾರದ ಮಾರುಕಟ್ಟೆಯಿಂದ ಟೊಮೆಟೊ, ಬೇಸಿಗೆಯಲ್ಲಿ ಶ್ರೀನಿವಾಸಪುರದಿಂದ ಮಾವು, ಮಾಲೂರಿನಿಂದ ಇಟ್ಟಿಗೆ, ಹೆಂಚು. ಯಾವ ಕಾಲಕ್ಕೆ ಯಾವ ಬಾಡಿಗೆ ಸಿಗುವುದೋ ಅದನ್ನು ತುಂಬಿಕೊಂಡು ಹೋಗುವವರು. ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ನನ್ನನ್ನು ಕಂಡು ತಾಯಿ ಗಾಬರಿಯಿಂದ ಚಾಪೆ ಹಾಸಿದರು. ಹುಡುಗ ಒಳಗಿನಿಂದ ಹೊರಬರಲಿಲ್ಲ. "ನಿನ್ನ ಗೊಂಬೆಯನ್ನು ಹಿಂದಕ್ಕೆ ಕೊಡಲು ಬಂದಿದ್ದೇನೆ, ಮಗೂ" ಎಂದಾಗ ಬಾಗಿಲ ಬಳಿ ಬಂದು ನಿಂತ.

ಬಹಳ ಹೊತ್ತಿನ ಮೇಲೆ ಮಂಚದಡಿಯಿಂದ ಒಂದು ತಗಡಿನ ಪೆಟ್ಟಿಗೆಯನ್ನು ಎಳೆದು ತೆರೆದ. ಹಳೆಯ ವೃತ್ತಪತ್ರಿಕೆಯಲ್ಲಿ ಒಂದೊಂದಾಗಿ ಸುತ್ತಿಟ್ಟ ಮೂವತ್ತನಾಲ್ಕು ಗೊಂಬೆಗಳು. ಒಂದಕ್ಕೆ ಕಾಲುಗಳ ಬದಲು ಚಕ್ರಗಳು. ಇನ್ನೊಂದು ಬ್ಯಾಟ್‌ಮ್ಯಾನ್, ಆದರೆ ಕೈಯಲ್ಲಿ ಗದೆ. ಒಬ್ಬ ಛೋಟಾ ಭೀಮನಿಗೆ ಮೀಸೆ. ಹಿಮದ ರಾಣಿ ಎಲ್ಸಾಳ ಕೂದಲು ಕಪ್ಪು. ಹುಡುಗ ಒಂದೊಂದನ್ನೇ ಎತ್ತಿ ಅದು ಎಲ್ಲಿಯದೆಂದು ಹೇಳತೊಡಗಿದ. ಇದು ಮುಳಬಾಗಿಲಿನ ಬಸ್ ನಿಲ್ದಾಣದ ಪಕ್ಕದ ತಳ್ಳುಗಾಡಿಯದು. ಇದು ಆವಣಿಯ ಜಾತ್ರೆಯದು. ಇದು ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಮಾತೆಯ ದೇವಾಲಯಕ್ಕೆ ಹೋದಾಗಿನದು. ಇದು ವೇಳಾಂಕಣ್ಣಿಯದು. ಇದು ಮಾವಿನ ಲೋಡು ಇಳಿಸಿ ಬರುವಾಗ ಎಲ್ಲೋ ಮಹಾರಾಷ್ಟ್ರದ ಹೆದ್ದಾರಿಯಲ್ಲಿ ಅಪ್ಪ ಕೊಂಡದ್ದು.

"ಇವೆಲ್ಲ ಡೂಪ್ಲಿಕೇಟ್ ಅಂತ ನಂಗೆ ಮೊದಲೇ ಗೊತ್ತು ಫಾದರ್. ಅಪ್ಪಂಗೂ ಗೊತ್ತು. ಏನು ತಪ್ಪಿದೆ ಅಂತ ಇಬ್ರೂ ಸೇರಿ ಕಂಡುಹಿಡೀತೀವಿ. ಅದೇ ಆಟ" ಎಂದ.

ತಂದೆ ಆಗ ತಾನೇ ಬಂದು ಹೊಸ್ತಿಲಲ್ಲಿ ನಿಂತಿದ್ದರು. ಆ ಭಾನುವಾರದ ನಂತರ ಎರಡು ಸಲ ದೂರದ ಬಾಡಿಗೆಗೆ ಹೋಗಿಬಂದರೂ ಅವರು ಮಗನಿಗೆ ಏನನ್ನೂ ತಂದಿರಲಿಲ್ಲವೆಂದು ತಾಯಿ ಮೆಲ್ಲನೆ ಹೇಳಿದರು. ಅವರು ನನ್ನ ಮುಖ ನೋಡದೆ ಕೇಳಿದರು: "ಬೆಂಗಳೂರಿನ ಮಾಲ್‌ನಾಗೆ ಒಂದ್ಸಲ ವಿಚಾರಿಸಿದೆ ಸ್ವಾಮಿ. ಅಸಲಿದಕ್ಕೆ ಸಾವಿರದ ಇನ್ನೂರು ಅಂದ್ರು. ನಾನು ಮೂವತ್ತು ರೂಪಾಯಿದು ತಂದೆ. ಅದು ತಪ್ಪಾ?"

ಗುರುಮಠದಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ ನನಗೆ ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಕ್ಷಮೆ ಕೇಳಿ ಬಂದೆ. ಪ್ರಶ್ನೆ ಮಾತ್ರ ನನ್ನ ಹಿಂದೆಯೇ ಬಂತು. ಅದನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಪ್ರಶ್ನೆಗಳಿವೆ. ನಕಲು ಮಾಡುವುದು ಕಳವೇ? ನಕಲು ಎಂದರೆ ಸುಳ್ಳೇ? ನಕಲಿಗೆ ಬೆಲೆಯುಂಟೇ?

ಇದು ಕಳವೇ?

ಮೊದಲ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸ್ಪೈಡರ್‌ಮ್ಯಾನ್ ಎಂಬ ಪಾತ್ರ 1962ರಲ್ಲಿ ಅಮೆರಿಕದ ಚಿತ್ರಕಥಾ ಪುಸ್ತಕವೊಂದರಲ್ಲಿ ಹುಟ್ಟಿತು. 2002ರ ಚಲನಚಿತ್ರದಿಂದ ನಮ್ಮ ಹಳ್ಳಿಗಳಿಗೂ ಬಂತು. ಅದರ ಹಿಂದೆ ಬರೆದವರ, ಚಿತ್ರಿಸಿದವರ ದುಡಿಮೆಯಿದೆ. ಬುದ್ಧಿಯ ದುಡಿಮೆಯೂ ದುಡಿಮೆಯೇ. ಅದರ ಫಲವನ್ನು ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುವುದನ್ನು ಏಳನೆಯ ಆಜ್ಞೆ ಒಪ್ಪುವುದಿಲ್ಲ. ನಮ್ಮ ದೇಶದ ಕಾನೂನೂ ಒಪ್ಪುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ, 1999ರ ವ್ಯಾಪಾರ ಚಿಹ್ನೆಗಳ ಕಾಯಿದೆ ಇರುವುದು ಇದಕ್ಕಾಗಿಯೇ. ಬಡವರು ಕೊಳ್ಳುತ್ತಾರೆಂಬ ಒಂದೇ ಕಾರಣಕ್ಕೆ ಕಳವು ಪುಣ್ಯವಾಗುವುದಿಲ್ಲ. ಅಚ್ಚು ಕದ್ದು ಲಕ್ಷಾಂತರ ಗೊಂಬೆಗಳನ್ನು ಮಾಡಿ ಹಣ ಗಳಿಸುವ ಕಾರ್ಖಾನೆಯ ಮಾಲೀಕನು ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾದವನೇ.

ಇನ್ನೊಂದು ಮಾತನ್ನೂ ಹೆತ್ತವರಿಗೆ ಹೇಳಲೇಬೇಕು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಬಣ್ಣದಲ್ಲಿ ಸೀಸ, ಮೆದುಗೊಳಿಸಲು ಬಳಸುವ ಹಾನಿಕರ ರಾಸಾಯನಿಕಗಳು ಇರಬಹುದು. ಎಳೆಯ ಮಕ್ಕಳು ಎಲ್ಲವನ್ನೂ ಬಾಯಿಗಿಟ್ಟುಕೊಳ್ಳುತ್ತಾರೆ. ಆದುದರಿಂದಲೇ ಕೇಂದ್ರ ಸರ್ಕಾರವು 2020ರಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವನ್ನು ಹೊರಡಿಸಿತು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳಂತಹ, ಭೌಗೋಳಿಕ ಗುರುತು ಪಡೆದ ವಸ್ತುಗಳಿಗೆ ಹಾಗೂ ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ಇದರಿಂದ ವಿನಾಯಿತಿಯಿದೆ. ತೊಟ್ಟಿಲ ಕೂಸಿಗೆ ಆಟಿಕೆ ತರುವಾಗ ಈ ಗುರುತನ್ನು ನೋಡುವುದು ಪ್ರೀತಿಯ ಒಂದು ಭಾಗವೇ ಆಗಿದೆ.

ಆದರೆ ತಂದೆಯ ಪ್ರಶ್ನೆ ಕಾರ್ಖಾನೆಯ ಮಾಲೀಕನನ್ನು ಕುರಿತದ್ದಾಗಿರಲಿಲ್ಲ. ಮೂವತ್ತು ರೂಪಾಯಿ ಕೊಟ್ಟು ಕೊಂಡ ತನ್ನನ್ನು ಕುರಿತದ್ದಾಗಿತ್ತು. ನೀತಿಶಾಸ್ತ್ರವು ತಪ್ಪಿನ ಭಾರವನ್ನು ಎಲ್ಲರ ಹೆಗಲಿಗೂ ಸಮನಾಗಿ ಹೊರಿಸುವುದಿಲ್ಲ. ಯಾರಿಗೆ ಎಷ್ಟು ತಿಳಿದಿತ್ತು, ಯಾರಿಗೆ ಎಷ್ಟು ಲಾಭವಾಯಿತು, ಯಾರಿಗೆ ಬೇರೆ ದಾರಿಯಿತ್ತು ಎಂದು ಕೇಳುತ್ತದೆ. ಕೋಲಾರದ ಪಕ್ಕದ ನರಸಾಪುರದ ಕಾರ್ಖಾನೆಯಲ್ಲಿ ಜಗತ್ತಿನ ಅತ್ಯಂತ ದುಬಾರಿ ಫೋನುಗಳಲ್ಲಿ ಒಂದಾದ ಐಫೋನನ್ನು ಜೋಡಿಸುತ್ತಾರೆ. ನಮ್ಮ ಊರುಗಳ ಎಷ್ಟೋ ಹೆಣ್ಣುಮಕ್ಕಳು ಬೆಳಗಿನ ಕತ್ತಲಲ್ಲೇ ಕಂಪನಿ ಬಸ್ಸು ಹತ್ತಿ ಅಲ್ಲಿಗೆ ದುಡಿಯಲು ಹೋಗುತ್ತಾರೆ. ತಾವೇ ಜೋಡಿಸಿದ ಫೋನನ್ನು ಕೊಳ್ಳಲು ಅವರಲ್ಲಿ ಅನೇಕರಿಗೆ ಹಲವು ತಿಂಗಳ ಸಂಬಳ ಬೇಕು. ಅಸಲಿ ವಸ್ತುವಿನ ಹಿಂದೆಯೂ ಬಡವರ ಬೆರಳುಗಳಿವೆ. ಹಾಗಿರುವಾಗ ಅದನ್ನು ಕೊಳ್ಳಲಾಗದ ಬಡವನನ್ನು, ಅವನ ಮಗನನ್ನು, ದೇವಾಲಯದಲ್ಲಿ ನಗೆಗೀಡು ಮಾಡಿದ್ದು ಯಾವ ನ್ಯಾಯ?

ಇಲ್ಲಿ ಒಂದು ವಿಚಿತ್ರವನ್ನೂ ನೆನೆಯಬಹುದು. 1977ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್' ಚಿತ್ರದ ಪಾತ್ರಗಳನ್ನು ಅನುಕರಿಸಿ 1980ರ ದಶಕದಲ್ಲಿ ಟರ್ಕಿ ದೇಶದಲ್ಲಿ 'ಉಜಾಯ್' ಎಂಬ ಹೆಸರಿನಲ್ಲಿ ಅಗ್ಗದ ಗೊಂಬೆಗಳನ್ನು ಮಾಡಿದರು. 'ಉಜಾಯ್' ಎಂದರೆ ಆ ಭಾಷೆಯಲ್ಲಿ ಬಾಹ್ಯಾಕಾಶ. ಬಣ್ಣ ತಪ್ಪಿದ ಆ ನಕಲುಗಳಲ್ಲಿ ಕೆಲವಕ್ಕೆ ಇಂದು ಶ್ರೀಮಂತ ಸಂಗ್ರಾಹಕರು ಸಾವಿರಾರು ಡಾಲರ್ ಕೊಡುತ್ತಾರೆ. ಸಿರಿವಂತನು ನಕಲನ್ನು ಕೂಡಿಟ್ಟರೆ ಅದು ಸಂಗ್ರಹ, ಕೂಲಿಯವನ ಮಗ ಕೂಡಿಟ್ಟರೆ ಅದು ಡೂಪ್ಲಿಕೇಟ್. ಈ ಎರಡಳತೆಯನ್ನು ವಾಚನಪೀಠದ ಮೇಲೆ ಬಳಸಿದವನು ನಾನೇ.

ಇದು ಸುಳ್ಳೇ?

ಎರಡನೆಯ ಪ್ರಶ್ನೆ ಎಂಟನೆಯ ಆಜ್ಞೆಗೆ ಸೇರಿದ್ದು. ಸುಳ್ಳೆಂದರೇನು? ಸಂತ ಅಗಸ್ಟೀನರು ಸುಳ್ಳನ್ನು ಕುರಿತೇ ಒಂದು ಗ್ರಂಥವನ್ನು ಬರೆದಿದ್ದಾರೆ. ಅವರ ವಿಚಾರದ ಸಾರವಿಷ್ಟು: ವಂಚಿಸುವ ಸಂಕಲ್ಪವೇ ಸುಳ್ಳಿನ ತಿರುಳು. ಇಬ್ಬರಿಗೂ ತಮಾಷೆಯೆಂದು ತಿಳಿದಿರುವ ಮಾತು ಸುಳ್ಳಲ್ಲ. ದೀಕ್ಷಾಸ್ನಾನ ಪಡೆಯುವುದಕ್ಕೆ ಮುಂಚೆ ಬರೆದ ಇನ್ನೊಂದು ಗ್ರಂಥದಲ್ಲಿ ಅವರು ನಟನ ಉದಾಹರಣೆಯನ್ನು ಎತ್ತಿಕೊಳ್ಳುತ್ತಾರೆ. ರಂಗದ ಮೇಲೆ ವೀರನ ಪಾತ್ರ ಮಾಡುವವನು ನಿಜವಾದ ನಟನಾಗಬೇಕಾದರೆ ಸುಳ್ಳು ವೀರನಾಗಲೇಬೇಕು. ಕುದುರೆಯ ಚಿತ್ರ ನಿಜವಾದ ಚಿತ್ರವಾಗಬೇಕಾದರೆ ಅದು ನಿಜವಾದ ಕುದುರೆಯಾಗಿರಕೂಡದು.

ಪ್ರಭು ಯೇಸು ಕಪಟಿಗಳೆಂದು ಕರೆದುದಕ್ಕೆ ಶುಭಸಂದೇಶದ ಮೂಲ ಗ್ರೀಕ್ ಭಾಷೆಯಲ್ಲಿರುವ ಪದದ ಅರ್ಥವೂ ನಟ ಎಂದೇ. ನಾಟಕದಲ್ಲಿ ಮುಖವಾಡ ಹಾಕುವವನನ್ನು ಪ್ರಭು ಖಂಡಿಸುತ್ತಿಲ್ಲ, ಏಕೆಂದರೆ ಅದು ನಾಟಕವೆಂದು ನೋಡುವವರಿಗೆ ಗೊತ್ತು. ಪ್ರಾರ್ಥನೆಯಲ್ಲಿ ಮುಖವಾಡ ಹಾಕಿ, ಇದೇ ನನ್ನ ಮುಖವೆಂದು ನಂಬಿಸುವವನನ್ನು ಅವರು ಖಂಡಿಸುತ್ತಾರೆ.

ಆ ಅಳತೆಗೋಲಿನಿಂದ ನಮ್ಮ ಸಂತೆಯ ನಕಲುಗಳನ್ನು ಅಳೆದು ನೋಡೋಣ. ಹೆಸರುವಾಸಿ ಕಂಪನಿಯ ಚೀಟಿ ಅಂಟಿಸಿದ ಕಳಪೆ ಟೊಮೆಟೊ ಬೀಜವನ್ನು ರೈತನಿಗೆ ಮಾರಿದರೆ ಅವನ ಒಂದು ಬೆಳೆ, ಒಂದು ವರ್ಷದ ಬದುಕು ಹಾಳಾಗುತ್ತದೆ. ನಕಲಿ ಔಷಧ ಜೀವವನ್ನೇ ತೆಗೆಯುತ್ತದೆ. ಹಿತ್ತಾಳೆಗೆ ಚಿನ್ನದ ನೀರು ಕುಡಿಸಿ ಚಿನ್ನವೆಂದು ಮಾರುವವನ ಮೋಸವನ್ನು, 2001ರ ಫೆಬ್ರವರಿ 28ರವರೆಗೆ ನೆಲದಾಳದಿಂದ ಚಿನ್ನ ತೆಗೆದ ನಮ್ಮ ಜಿಲ್ಲೆಯ ಜನರಿಗೆ ವಿವರಿಸಬೇಕಾಗಿಲ್ಲ. ಇವೆಲ್ಲ ಸುಳ್ಳುಗಳು, ಪಾಪಗಳು. ಆದರೆ ಎದೆಯ ಮೇಲೆ ಬಾವಲಿ ಹೊತ್ತ ಹಸಿರು ಜೇಡಮನುಷ್ಯ ಯಾರನ್ನು ವಂಚಿಸಿದ? ಮಾರಿದವನಿಗೆ ಗೊತ್ತು, ಕೊಂಡವನಿಗೆ ಗೊತ್ತು, ಆಡುವ ಮಗುವಿಗೂ ಗೊತ್ತು. ಆ ಮನೆಯಲ್ಲಿ ತಪ್ಪನ್ನು ಹುಡುಕುವುದೇ ತಂದೆ ಮಗನ ಆಟವಾಗಿತ್ತು. ಕಪಟಕ್ಕೆ ಉದಾಹರಣೆಯಾಗಿ ನಾನು ಎತ್ತಿ ತೋರಿಸಿದ ವಸ್ತುವಿನಲ್ಲಿ ಕಪಟವೇ ಇರಲಿಲ್ಲ.

ಅನುಕರಣೆಯೆಲ್ಲ ಕೀಳೆಂದು ಭಾವಿಸುವವರು ಒಮ್ಮೆ ತಲೆಯ ಮೇಲಿನ ಸೂರನ್ನು ನೋಡಬೇಕು. ಮಂಗಳೂರು ಹೆಂಚೆಂದು ನಾವು ಕರೆಯುವುದರ ಮಾದರಿ ಬಂದದ್ದು ಯೂರೋಪಿನಿಂದ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅದರ ಕಾರ್ಖಾನೆಯನ್ನು ತೆರೆದರು. ಅದೇ ಮಾದರಿಯ ಹೆಂಚುಗಳನ್ನು ಮುಂದೆ ಮಾಲೂರಿನ ಜೇಡಿಮಣ್ಣಿನಲ್ಲಿಯೂ ಸುಟ್ಟರು. ಪ್ರತಿಯ ಪ್ರತಿಯಾದ ಆ ಹೆಂಚು ನಮ್ಮ ಎಷ್ಟೋ ಮನೆಗಳನ್ನು ಮಳೆಯಿಂದ ಕಾಪಾಡಿದೆ. ಮಗು ಮಾತು ಕಲಿಯುವುದೂ ತಾಯಿಯನ್ನು ಅನುಕರಿಸಿಯೇ.

ಪ್ರತಿಮೆಗೆ ಸಲ್ಲುವ ಗೌರವ

ಇನ್ನು ಮೂರನೆಯ ಪ್ರಶ್ನೆ. ವಂಚನೆಯಿಲ್ಲದಿದ್ದರೂ ನಕಲು ನಕಲೇ ತಾನೆ, ಅದಕ್ಕೇನು ಬೆಲೆ ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಉತ್ತರಿಸಲು ನಾವು ಬೇರೆಲ್ಲೂ ಹೋಗಬೇಕಾಗಿಲ್ಲ. ನಮ್ಮ ಮನೆಯ ಪ್ರಾರ್ಥನಾ ಪೀಠದ ಮುಂದೆ ನಿಂತರೆ ಸಾಕು.

ಅಲ್ಲಿರುವ ಮಾತೆ ಮರಿಯಮ್ಮನವರ ಸ್ವರೂಪವನ್ನು ಸ್ವಲ್ಪ ನೋಡಿ. ಶಿವಾಜಿನಗರದಲ್ಲೋ ವೇಳಾಂಕಣ್ಣಿಯಲ್ಲೋ ಹಬ್ಬದಂಗಡಿಯಲ್ಲಿ ಕೊಂಡದ್ದು. ಕಣ್ಣಿನ ಬಣ್ಣ ಸ್ವಲ್ಪ ಆಚೆ ಸರಿದಿದೆ, ಮೂಗಿನ ತುದಿ ಸವೆದಿದೆ, ಒಂದು ಬೆರಳು ಮುರಿದಿದೆ. ಅದು ಯಾವುದರ ಪ್ರತಿ? ಲೂರ್ದಿನ ಗವಿಯಲ್ಲಿರುವ ಅಮೃತಶಿಲೆಯ ಸ್ವರೂಪದ ಪ್ರತಿಯಾಗಿರಬಹುದು. 1858ರಲ್ಲಿ ಬರ್ನದೆತ್ತಳಿಗೆ ಮಾತೆಯ ದರ್ಶನವಾಯಿತು. ಆಕೆಯ ವಿವರಣೆಯನ್ನು ಕೇಳಿ ಫಾಬಿಶ್ ಎಂಬ ಶಿಲ್ಪಿ ಕಡೆದ ಆ ಸ್ವರೂಪವನ್ನು 1864ರಲ್ಲಿ ಅಲ್ಲಿ ಸ್ಥಾಪಿಸಿದರು. ಅದನ್ನು ಕಂಡ ಬರ್ನದೆತ್ತಳಿಗೆ ಸಮಾಧಾನವಾಗಲಿಲ್ಲ. ತಾನು ಕಂಡದ್ದಕ್ಕೂ ಅದಕ್ಕೂ ಹೋಲಿಕೆಯಿಲ್ಲವೆಂದು ಆಕೆಗೆ ಅನ್ನಿಸಿತು. ಅಂದರೆ ಲೋಕದ ಲಕ್ಷಾಂತರ ಪ್ರತಿಗಳಿಗೆ ಮೂಲವಾದ ಆ ಶಿಲ್ಪವೇ, ಕಂಡವಳ ದೃಷ್ಟಿಯಲ್ಲಿ, ಸರಿಹೋಗದ ಒಂದು ಪ್ರತಿ. ನಮ್ಮ ಊರುಗಳಲ್ಲಿ ಕಾಡುಗಲ್ಲು ಪೇರಿಸಿ ಕಟ್ಟಿದ ಗವಿಗಳಲ್ಲಿ ಇರುವುದು ಆ ಪ್ರತಿಯ ಪ್ರತಿಯ ಪ್ರತಿ. ಹಾಗೆಂದು ಅದರ ಮುಂದೆ ಮೇಣದ ಬತ್ತಿ ಹಚ್ಚಿ ಅಳುವ ತಾಯಿಯ ಪ್ರಾರ್ಥನೆ ನಕಲಿಯೇ?

ಧರ್ಮಸಭೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದೆ. ಪ್ರತಿಮೆಗಳನ್ನು ಒಡೆಯಬೇಕೆಂಬ ವಾದ ಎದ್ದಾಗ 787ರಲ್ಲಿ ನಿಸೇಯದಲ್ಲಿ ಸೇರಿದ ಎರಡನೆಯ ಮಹಾಸಭೆಯು, ಪ್ರತಿಮೆಗೆ ಸಲ್ಲಿಸುವ ಗೌರವ ಪ್ರತಿಮೆಯಲ್ಲಿಯೇ ನಿಲ್ಲದೆ ಅದರ ಮೂಲಕ್ಕೆ ಸಲ್ಲುತ್ತದೆಂದು ಸಾರಿತು. ಪ್ರತಿಮೆಯ ಕುಶಲತೆಯನ್ನಾಗಲಿ ಬೆಲೆಯನ್ನಾಗಲಿ ಸಭೆ ಷರತ್ತಾಗಿ ಇಡಲಿಲ್ಲ. ಮೂಲದ ಕಡೆಗೆ ಮನಸ್ಸು ಹರಿಯುತ್ತದೆಯೇ ಎಂಬುದೇ ಮುಖ್ಯ.

ಈ ಬೋಧನೆಯನ್ನು ಗುರುಮಠದಲ್ಲಿ ಕಂಠಪಾಠ ಮಾಡಿದ್ದ ನನಗೆ ಅದರ ಅರ್ಥ ಆ ತಗಡಿನ ಪೆಟ್ಟಿಗೆಯ ಮುಂದೆ ಹೊಸದಾಗಿ ತಿಳಿಯಿತು. ಗೊಂಬೆಯ ಮೂಲ ಅಮೆರಿಕದ ಚಿತ್ರನಾಯಕನೆಂದು ಭಾವಿಸಿ, ಅದಕ್ಕೆ ಹೋಲುವುದಿಲ್ಲವೆಂದು ನಾನು ನಕ್ಕಿದ್ದೆ. ಹುಡುಗನ ಪಾಲಿಗೆ ಅದರ ಮೂಲ ಬೇರೆಯೇ ಆಗಿತ್ತು. ಒಂದೊಂದು ಗೊಂಬೆಯನ್ನು ಎತ್ತಿದಾಗಲೂ ಅವನು ಸಿನಿಮಾದ ಕಥೆಯನ್ನು ಹೇಳಲಿಲ್ಲ. ಅಪ್ಪ ಯಾವ ಊರಿಗೆ ಹೋಗಿದ್ದರು, ಏನು ಲೋಡು ಇತ್ತು, ಎಷ್ಟು ದಿನಕ್ಕೆ ಬಂದರು ಎಂದು ಹೇಳಿದ. ನಡುರಾತ್ರಿ ಯಾವುದೋ ಢಾಬಾದ ಮುಂದೆ ಲಾರಿ ನಿಲ್ಲಿಸಿ, ನಿದ್ದೆಗಣ್ಣಿನಲ್ಲಿ ತಳ್ಳುಗಾಡಿಯತ್ತ ನಡೆದು, ಮಗನನ್ನು ನೆನೆದು ಮೂವತ್ತು ರೂಪಾಯಿ ತೆಗೆದ ತಂದೆಯೇ ಆ ಗೊಂಬೆಗಳ ಅಸಲು. ಆ ಅಸಲಿಗೆ ಅವು ತಪ್ಪಿಲ್ಲದ ಪ್ರತಿಗಳು. ನಾನು ಮೂಲವನ್ನು ತಪ್ಪಾಗಿ ಗುರುತಿಸಿದ್ದೆ.

ಆವಣಿಯ ದರ್ಭೆಯ ಮಗು

ಆ ಸಂಗ್ರಹದಲ್ಲಿ ಆವಣಿಯ ಜಾತ್ರೆಯಿಂದ ಬಂದ ಗೊಂಬೆಯೂ ಇತ್ತೆಂದು ಹೇಳಿದೆನಷ್ಟೆ. ಮುಳಬಾಗಿಲು ತಾಲ್ಲೂಕಿನ ಆವಣಿ ನಿಮಗೆಲ್ಲ ಪರಿಚಿತ ಸ್ಥಳ. ಶಿವರಾತ್ರಿಯ ಹೊತ್ತಿಗೆ ಅಲ್ಲಿ ನೆರೆಯುವ ದನಗಳ ಜಾತ್ರೆಗೆ ಎಲ್ಲ ಮತದ ರೈತರೂ ಹೋಗುತ್ತಾರೆ. ಅದು ವಾಲ್ಮೀಕಿ ಮಹರ್ಷಿಗಳ ಆಶ್ರಮವಿದ್ದ ಜಾಗವೆಂದೂ ಸೀತೆ ಅಲ್ಲಿಯೇ ಮಕ್ಕಳನ್ನು ಹೆತ್ತಳೆಂದೂ ನಮ್ಮ ಹಿಂದೂ ಸಹೋದರರು ನಂಬುತ್ತಾರೆ.

ಲವಕುಶರ ಹುಟ್ಟನ್ನು ಕುರಿತು ಜನರು ಹೇಳುವ ಒಂದು ಕಥೆಯಿದೆ. ಹನ್ನೊಂದನೆಯ ಶತಮಾನದ ಸಂಸ್ಕೃತದ ಕಥಾಸರಿತ್ಸಾಗರದಲ್ಲಿಯೂ ಅದು ಬರುತ್ತದೆ. ಸೀತೆ ಹೆತ್ತದ್ದು ಲವನೊಬ್ಬನನ್ನೇ. ಒಂದು ದಿನ ಆಕೆ ಮಗುವನ್ನು ಎತ್ತಿಕೊಂಡು ನೀರಿಗೆ ಹೋದಾಗ, ಮಗು ಕಾಣದೆ ಗಾಬರಿಗೊಂಡ ಮಹರ್ಷಿಗಳು ತಾಯಿಯ ದುಃಖಕ್ಕೆ ಹೆದರಿ ಕುಶ ಎಂಬ ದರ್ಭೆಯ ಹುಲ್ಲಿನಿಂದ ಅದೇ ರೂಪಿನ ಮತ್ತೊಂದು ಮಗುವನ್ನು ಮಾಡಿದರು. ಸೀತೆ ಮರಳಿ ಬಂದು ನೋಡಿದರೆ ತೊಟ್ಟಿಲಲ್ಲಿ ಇನ್ನೊಬ್ಬ ಮಗ! ಆಕೆ ಏನು ಮಾಡಿದಳು? ಇದು ನಕಲು, ಹುಲ್ಲಿನದು, ನನ್ನದಲ್ಲ ಎಂದು ಎಸೆಯಲಿಲ್ಲ. ಇಬ್ಬರನ್ನೂ ತನ್ನ ಮಕ್ಕಳಾಗಿ ಬೆಳೆಸಿದಳು. ಮುಂದೆ ಲವ ಕುಶ ಎಂದು ಎರಡು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ.

ಇದು ನಮ್ಮ ಧರ್ಮದ ಕಥೆಯಲ್ಲ. ಆದರೂ ನಮ್ಮ ನೆಲದ ಜನ ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಂಡು ಬಂದ ಈ ಕಥೆಯಲ್ಲಿ, ತಾಯಿಯೊಬ್ಬಳ ಮಡಿಲು ಪ್ರತಿಯನ್ನು ಮಗನನ್ನಾಗಿ ಮಾಡಿತೆಂಬ ಅರಿವಿದೆ. ಕ್ರೈಸ್ತರಾದ ನಮಗೆ ಅದು ಅಪರಿಚಿತವಾಗಬಾರದು.

ನಾವೇ ಪ್ರತಿಗಳು

ಏಕೆಂದರೆ, ಪ್ರಿಯರೇ, ನಾವು ಯಾರು? ದೇವರು ಮಾನವನನ್ನು ತಮ್ಮ ರೂಪದಲ್ಲಿ, ತಮ್ಮ ಹೋಲಿಕೆಯಲ್ಲಿ ಉಂಟುಮಾಡಿದರೆಂದು ಪವಿತ್ರ ಗ್ರಂಥದ ಮೊದಲ ಅಧ್ಯಾಯವೇ ತಿಳಿಸುತ್ತದೆ. ಅಗೋಚರ ದೇವರ ಪರಿಪೂರ್ಣ ಪ್ರತಿರೂಪ ಕ್ರಿಸ್ತರೊಬ್ಬರೇ ಎಂದು ಸಂತ ಪೌಲರು ಕೊಲೊಸ್ಸೆಯರಿಗೆ ಬರೆಯುತ್ತಾರೆ. ನಾವಾದರೋ ಆ ರೂಪವನ್ನು ಹೊತ್ತೂ ಬಣ್ಣ ತಪ್ಪಿದವರು. ಪ್ರೀತಿ ಇರಬೇಕಾದ ಎದೆಯಲ್ಲಿ ಬೇರೇನೋ ಗುರುತು. ನಡೆಯಬೇಕಾದ ಕಾಲುಗಳ ಜಾಗದಲ್ಲಿ ಅವರಿವರು ತಳ್ಳಿದತ್ತ ಉರುಳುವ ಚಕ್ರ. ನೋಡುವವರಿಗೆ ನಗು ಬರುವಷ್ಟು ಸೊಟ್ಟಗಾಗಿದ್ದೇವೆ. ಆದರೆ ದೇವರು ನಮ್ಮನ್ನು ವಾಚನಪೀಠದ ಮೇಲಿಟ್ಟು ನಗಲಿಲ್ಲ. ನಮ್ಮನ್ನು ಎತ್ತಿಕೊಳ್ಳಲು ತಮ್ಮ ಏಕೈಕ ಪುತ್ರನನ್ನೇ ಕಳುಹಿಸಿದರು.

ಸೀಸರನಿಗೆ ತೆರಿಗೆ ಕೊಡುವುದು ಸರಿಯೇ ಎಂದು ಕೇಳಿದವರಿಗೆ ಪ್ರಭು ನಾಣ್ಯವನ್ನು ತರಿಸಿ, ಅದರ ಮೇಲಿರುವ ರೂಪ ಯಾರದೆಂದು ಮರುಪ್ರಶ್ನೆ ಹಾಕಿದರು. ನಾಣ್ಯ ಎಷ್ಟೇ ಸವೆದಿದ್ದರೂ ಅದರ ಮೇಲಿರುವ ರೂಪ ಯಾರದೋ ಅದು ಅವರಿಗೆ ಸೇರುತ್ತದೆ. ಅಂತೆಯೇ ಎಷ್ಟೇ ಸವೆದ ಮಾನವನೂ ದೇವರಿಗೆ ಸೇರಿದವನು. ಇಟ್ಟಿಗೆ ಗೂಡಿನಲ್ಲಿ ದುಡಿಯುವವನೂ, ಮಾರುಕಟ್ಟೆಯಲ್ಲಿ ಮೂಟೆ ಹೊರುವವನೂ, ಕುಡಿದು ಬೀದಿಯಲ್ಲಿ ಬಿದ್ದವನೂ ಆ ರೂಪವನ್ನು ಹೊತ್ತವರೇ.

ಹಾಗಾದರೆ ಹೇಗಿದ್ದರೂ ಸರಿ, ಸೊಟ್ಟಗೆಯೇ ಇದ್ದುಬಿಡೋಣ ಎನ್ನಬಹುದೇ? ಎನ್ನಲಾಗದು. ಪ್ಲಾಸ್ಟಿಕ್ ಗೊಂಬೆಗೆ ತನ್ನನ್ನು ತಾನು ತಿದ್ದಿಕೊಳ್ಳುವ ಶಕ್ತಿಯಿಲ್ಲ. ನಮಗೆ ಆ ಕೃಪೆ ದೊರೆತಿದೆ. ತಾವು ಕ್ರಿಸ್ತರನ್ನು ಅನುಕರಿಸುವಂತೆ ತಮ್ಮನ್ನು ಅನುಕರಿಸಬೇಕೆಂದು ಸಂತ ಪೌಲರು ಕೊರಿಂಥದ ವಿಶ್ವಾಸಿಗಳನ್ನು ಕೇಳಿಕೊಂಡರು. ಅವರೇನೂ ಮೂಲಕ್ಕೆ ತಾವು ಸಮಾನರೆಂದು ಹೇಳಿಕೊಳ್ಳಲಿಲ್ಲ. ಕ್ರೈಸ್ತ ಜೀವನವೆಂಬುದೇ ಒಂದು ಅನುಕರಣೆ. ಅದು ತಪ್ಪಿಲ್ಲದ ಪ್ರತಿಯಾಗಲಾರದು. ಆದರೆ ಅದು ಪ್ರಾಮಾಣಿಕವಾದ ಪ್ರತಿಯಾಗಬಹುದು. ನನ್ನಲ್ಲಿ ಏನೇನು ತಪ್ಪಿದೆಯೆಂದು ತಂದೆಯ ಜೊತೆ ಕುಳಿತು ಹುಡುಕುವುದನ್ನೇ ಅಲ್ಲವೇ ನಾವು ಪಾಪನಿವೇದನೆ ಎನ್ನುವುದು? ಆ ಹುಡುಗ ಮತ್ತು ಅವನ ಅಪ್ಪ ಅದನ್ನು ಆಟವಾಗಿ ಆಡುತ್ತಿದ್ದರು.

ಹಾಗೆ ನೋಡಿದರೆ ಆ ಭಾನುವಾರ ದೇವಾಲಯದಲ್ಲಿ ನಿಜವಾದ ಡೂಪ್ಲಿಕೇಟ್ ಯಾವುದಾಗಿತ್ತು? ನನ್ನ ಪ್ರಬೋಧನೆಯಲ್ಲಿ ಬೋಧನೆಯ ದೋಷವಿರಲಿಲ್ಲ. ಶುಭಸಂದೇಶದ ವಾಕ್ಯಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಜನರು ಮೆಚ್ಚಲೆಂದು ಕಿರಿಯವನೊಬ್ಬನನ್ನು ಕುಗ್ಗಿಸಿದಾಗ, ಜನರು ನೋಡಲೆಂದು ಪ್ರಾರ್ಥಿಸಬೇಡಿರೆಂದು ಹೇಳುತ್ತಿದ್ದ ಆ ಬಾಯಿ ಜನರು ಕೇಳಲೆಂದು ಮಾತಾಡುತ್ತಿತ್ತು. ಹೊರಗೆ ಪ್ರಭುವಿನ ಮಾತು, ಒಳಗೆ ನನ್ನ ಹೆಮ್ಮೆ. ಚಿನ್ನದ ನೀರು ಕುಡಿಸಿದ ಹಿತ್ತಾಳೆಯನ್ನು ಒರೆಗಲ್ಲಿಗೆ ಹಚ್ಚಿದವನು ಹನ್ನೊಂದು ವರ್ಷದ ಒಬ್ಬ ಬಾಲಕ.

ನಿಮ್ಮಲ್ಲೊಂದು ಮನವಿ

ಅದರ ಮುಂದಿನ ಭಾನುವಾರ ಬಲಿಪೂಜೆಯ ಆರಂಭದಲ್ಲಿ, ಪಾಪಗಳನ್ನು ಒಪ್ಪಿಕೊಳ್ಳುವ ಪ್ರಾರ್ಥನೆಗೆ ಮುಂಚೆ, ನಾನು ಹೀಗೆ ಹೇಳಿದೆ: "ಮೂರು ವಾರದ ಹಿಂದೆ ನಾನು ಒಬ್ಬ ಮಗುವಿನ ವಸ್ತುವನ್ನು ಅವನ ಅಪ್ಪಣೆಯಿಲ್ಲದೆ ತೆಗೆದುಕೊಂಡೆ. ಅದನ್ನು ಅವನ ವಿರುದ್ಧವೇ ಬಳಸಿದೆ. ಆ ಮಗುವಿನ ಮತ್ತು ಅವನ ಹೆತ್ತವರ ಕ್ಷಮೆಯನ್ನು ನಿಮ್ಮೆಲ್ಲರ ಎದುರಿಗೆ ಬೇಡುತ್ತೇನೆ." ಆ ದಿನ ಯಾರೂ ನಗಲಿಲ್ಲ. ಹುಡುಗ ಅಂದು ಬಂದಿರಲಿಲ್ಲ. ಗರಿಗಳ ಭಾನುವಾರದ ಮೆರವಣಿಗೆಯಲ್ಲಿ ಅವನನ್ನು ತಾಯಿಯ ಪಕ್ಕದಲ್ಲಿ ಕಂಡೆ. ಮತ್ತೆ ಪೀಠದ ಸೇವೆಗೆ ಬಂದದ್ದು ಪಾಸ್ಖ ಹಬ್ಬ ಕಳೆದ ಮೇಲೆ. ಆ ನಡುವಿನ ವಾರಗಳನ್ನು ನಾನು ಅವನಿಗೆ ಹಿಂದಿರುಗಿಸಲಾರೆ. ಬಾಯಿಂದ ಹೋದ ಮಾತಿಗೆ ಕ್ಷಮೆ ಸಿಗಬಹುದು, ಆದರೆ ಮಾತು ಮರಳಿ ಬಾಯಿಗೆ ಬರುವುದಿಲ್ಲ.

ಪ್ರಿಯ ಓದುಗರೇ, ನೀವು ಮಕ್ಕಳಿಗೆ ಆಟಿಕೆ ತರುವಾಗ ಅದು ಅವರ ದೇಹಕ್ಕೆ ಹಾನಿ ಮಾಡದಿರಲೆಂದು ಎಚ್ಚರ ವಹಿಸಿರಿ. ಇನ್ನೊಬ್ಬರ ದುಡಿಮೆಗೆ ಬೆಲೆ ಕೊಡುವುದನ್ನು, ನಿಮಗೆ ಶಕ್ತಿಯಿದ್ದಾಗ, ಮಕ್ಕಳಿಗೆ ಕಲಿಸಿರಿ. ಬೀಜ, ಔಷಧ, ಚಿನ್ನ, ಮಾತು ಇವುಗಳಲ್ಲಿ ಮೋಸ ಮಾಡುವವರನ್ನು ಕಂಡಾಗ ಸುಮ್ಮನಿರಬೇಡಿರಿ. ಆದರೆ ನಿಮ್ಮ ಮಗ ತನ್ನ ಗೆಳೆಯನ ಆಟಿಕೆಯನ್ನೋ ಚಪ್ಪಲಿಯನ್ನೋ ಶಾಲೆಯ ಚೀಲವನ್ನೋ ತೋರಿಸಿ 'ಡೂಪ್ಲಿಕೇಟ್' ಎಂದು ನಕ್ಕರೆ, ಅವನನ್ನು ಹತ್ತಿರ ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿರಿ: ಅದನ್ನು ಅವನಿಗೆ ಯಾರು ತಂದುಕೊಟ್ಟರು? ಉತ್ತರ ಅವನಿಗೆ ತಿಳಿಯದಿದ್ದರೆ, ಹೋಗಿ ಕೇಳಿಕೊಂಡು ಬರಲು ಹೇಳಿರಿ.

ನಾನು ಆ ಧರ್ಮಕೇಂದ್ರದಿಂದ ವರ್ಗವಾಗಿ ಹೊರಡುವ ಹಿಂದಿನ ದಿನ ಆ ಮನೆಗೆ ಮತ್ತೊಮ್ಮೆ ಹೋಗಿದ್ದೆ. ತಂದೆ ಟೊಮೆಟೊ ಲೋಡಿನೊಂದಿಗೆ ಚೆನ್ನೈ ಕಡೆಗೆ ಹೋಗಿದ್ದರು. ಪೆಟ್ಟಿಗೆಯಲ್ಲಿ ಆಗ ನಲವತ್ತೊಂದು ಗೊಂಬೆಗಳಿದ್ದವು.